ಬಹುಮಹಡಿ ಕಟ್ಟಡದ ಸ್ಪ್ರಿಂಕ್ಲರ್ ರೈಸರ್ ಪೈಪಿನ ಅಳತೆ: ಎಲ್ಲ ಮಹಡಿಗಳ ಸ್ಪ್ರಿಂಕ್ಲರ್‌ಗಳನ್ನೂ ಕೂಡಿಸಬೇಕೆ?

ಪ್ರಶ್ನೆ: ವೈಟ್‌ಫೀಲ್ಡ್_ಎಂಇಪಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಎಂಇಪಿ (ಕಟ್ಟಡದ ಯಾಂತ್ರಿಕ, ವಿದ್ಯುತ್, ಕೊಳಾಯಿ ವ್ಯವಸ್ಥೆಗಳ) ವಿನ್ಯಾಸ ಕಚೇರಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿರುವ ಎಂಜಿನಿಯರ್. ವೈಟ್‌ಫೀಲ್ಡ್ ಬಳಿ ಕಟ್ಟಲಿರುವ ಒಂದು ಕಚೇರಿ ಕಟ್ಟಡದ ಸ್ಪ್ರಿಂಕ್ಲರ್ ವ್ಯವಸ್ಥೆಯ ನಕ್ಷೆಯನ್ನು ಸಿದ್ಧಪಡಿಸುತ್ತಿದ್ದೇನೆ. ಎರಡು ನೆಲಮಾಳಿಗೆ, ಅದರ ಮೇಲೆ ನೆಲಮಹಡಿಯೂ ಸೇರಿ 9 ಮಹಡಿಗಳಿವೆ. ಪ್ರತಿ ಮಹಡಿ ಸುಮಾರು 1,450 ಚದರ ಮೀಟರ್, ಒಂದೊಂದರಲ್ಲೂ ಸುಮಾರು 130 ಸ್ಪ್ರಿಂಕ್ಲರ್‌ಗಳು. ಪಂಪ್ ರೂಮು ಕೆಳಗಿನ ನೆಲಮಾಳಿಗೆಯಲ್ಲಿದ್ದು, ಅಲ್ಲಿಂದ ಕೊನೆಯ ಮಹಡಿಯ ಸ್ಪ್ರಿಂಕ್ಲರ್‌ಗೆ ಎತ್ತರ ಸುಮಾರು 45 ಮೀಟರ್ ಆಗುತ್ತದೆ. ನಮ್ಮ ಕಚೇರಿಯ ಹಿರಿಯರು ವಿನ್ಯಾಸದ ಆಧಾರವಾಗಿ ನಿಮಿಷಕ್ಕೆ 5 ಮಿ.ಮೀ. ನೀರು, 360 ಚದರ ಮೀಟರ್ ವಿಸ್ತೀರ್ಣ (ಒಟ್ಟಿಗೆ ಸ್ಪ್ರಿಂಕ್ಲರ್ ತೆರೆಯುತ್ತವೆಂದು ಹಿಡಿಯುವ ಜಾಗ), ಪ್ರತಿ ಸ್ಪ್ರಿಂಕ್ಲರ್‌ಗೆ ಹೆಚ್ಚೆಂದರೆ 12 ಚದರ ಮೀಟರ್ ಎಂದು ಕೊಟ್ಟಿದ್ದಾರೆ.

ನನ್ನ ತೊಡಕು ರೈಸರ್ ಪೈಪಿನದು, ಅಂದರೆ ಪಂಪ್ ರೂಮಿನಿಂದ ಎಲ್ಲ ಮಹಡಿಗಳಿಗೂ ನೀರನ್ನು ಏರಿಸುವ ಲಂಬ ಪೈಪಿನದು. ಹಳೆಯ ಪೈಪ್ ಷೆಡ್ಯೂಲ್ ಕೋಷ್ಟಕವನ್ನು ನೋಡಿದರೆ ಸಾಮಾನ್ಯ ಅಪಾಯದ ವರ್ಗಕ್ಕೆ 100 ಮಿ.ಮೀ. ಪೈಪಿಗೆ 100 ಸ್ಪ್ರಿಂಕ್ಲರ್, 125ಕ್ಕೆ 160, 150ಕ್ಕೆ 275 ಎಂದಿದೆ. ನಮ್ಮ ಕಟ್ಟಡದ ಮೇಲ್ಮಹಡಿಗಳನ್ನಷ್ಟೇ ಕೂಡಿಸಿದರೂ 1,170 ಸ್ಪ್ರಿಂಕ್ಲರ್‌ಗಳಾಗುತ್ತವೆ. ಈ ಲೆಕ್ಕ ನೋಡಿ ನಾನು 200 ಮಿ.ಮೀ. ಎಂದು ಬರೆದೆ. ಗುತ್ತಿಗೆದಾರರ ಕಡೆಯವರು 100 ಮಿ.ಮೀ. ಧಾರಾಳವಾಗಿ ಸಾಕು ಎನ್ನುತ್ತಾರೆ. ಪೈಪುಗಳು ಏರಲು ವಾಸ್ತುಶಿಲ್ಪಿಗಳು ಬಿಟ್ಟಿರುವ ಶಾಫ್ಟ್ ಕಿರಿದು. ಅದರಲ್ಲೇ ಹೈಡ್ರೆಂಟ್ (ಅಗ್ನಿಶಾಮಕ ಹೋಸ್‌ಗೆ ನೀರು ಕೊಡುವ) ರೈಸರ್, ಸ್ಪ್ರಿಂಕ್ಲರ್ ರೈಸರ್, ಡ್ರೈನ್ ಪೈಪು ಎಲ್ಲವೂ ಏರಬೇಕು. ರೈಸರ್ ಮೇಲೆ ಹೋದಂತೆ ಅಳತೆಯನ್ನು ಕಡಿಮೆ ಮಾಡುತ್ತಾ ಹೋಗಬಹುದೇ ಎಂಬುದೂ ತಿಳಿಯುತ್ತಿಲ್ಲ. ಅನುಭವಸ್ಥರು ಲೆಕ್ಕದ ದಾರಿಯನ್ನು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ: ಅಗ್ನಿಸುರಕ್ಷೆ_ಜಯನಗರ

ನಮಸ್ಕಾರ. ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ನೇರವಾಗಿದೆ: ಮಹಡಿಗಳನ್ನು ಕೂಡಿಸಬಾರದು. ಸ್ಪ್ರಿಂಕ್ಲರ್ ವಿನ್ಯಾಸದ ಅಡಿಪಾಯವೇ ಒಂದು ಬಾರಿಗೆ ಒಂದು ಬೆಂಕಿ, ಅದೂ ಒಂದೇ ಮಹಡಿಯಲ್ಲಿ ಎಂಬ ಊಹೆ. ಶಾಖ ತಗುಲಿದ ಸ್ಪ್ರಿಂಕ್ಲರ್‌ನ ಬಲ್ಬ್ ಮಾತ್ರ ಒಡೆದು ನೀರು ಸುರಿಯುತ್ತದೆಯೇ ಹೊರತು ಕಟ್ಟಡದ ಅಷ್ಟೂ ಸ್ಪ್ರಿಂಕ್ಲರ್‌ಗಳು ಒಟ್ಟಿಗೆ ತೆರೆದುಕೊಳ್ಳುವುದಿಲ್ಲ. ನೀವು ಹೇಳಿದ ಪೈಪ್ ಷೆಡ್ಯೂಲ್ ಪದ್ಧತಿಯಲ್ಲೂ ರೈಸರ್‌ನ ಅಳತೆಯನ್ನು ಯಾವುದಾದರೂ ಒಂದು ಮಹಡಿಯಲ್ಲಿ ಅದಕ್ಕೆ ಜೋಡಿಸಿದ ಸ್ಪ್ರಿಂಕ್ಲರ್‌ಗಳ ಸಂಖ್ಯೆಯಿಂದಲೇ ನಿರ್ಧರಿಸಬೇಕು ಎಂಬ ನಿಯಮವಿದೆ. ಅದರಂತೆ 130 ಸ್ಪ್ರಿಂಕ್ಲರ್‌ಗಳಿಗೆ 125 ಮಿ.ಮೀ. ಬರುತ್ತದೆ, 200 ಅಲ್ಲ. ಆದರೆ ಆ ಕೋಷ್ಟಕವನ್ನು ಇಷ್ಟು ದೊಡ್ಡ ಹೊಸ ಕಟ್ಟಡಕ್ಕೆ ನೆಚ್ಚಿಕೊಳ್ಳುವುದು ಸರಿಯಲ್ಲ. ಅಮೆರಿಕದ ಸ್ಪ್ರಿಂಕ್ಲರ್ ಮಾನದಂಡವಾದ ಎನ್‌ಎಫ್‌ಪಿಎ 13 ಅದನ್ನು ಮುಖ್ಯವಾಗಿ ಹಳೆಯ ವ್ಯವಸ್ಥೆಗಳ ವಿಸ್ತರಣೆಗೂ 465 ಚದರ ಮೀಟರ್ ಮೀರದ ಹೊಸ ವ್ಯವಸ್ಥೆಗಳಿಗೂ ಇಟ್ಟಿದೆ; ಅದಕ್ಕಿಂತ ದೊಡ್ಡ ಹೊಸ ವ್ಯವಸ್ಥೆಗೆ ಒಪ್ಪುವುದು ಅತಿ ಎತ್ತರದ ಸ್ಪ್ರಿಂಕ್ಲರ್‌ನಲ್ಲಿ ಸಾಕಷ್ಟು ಹೆಚ್ಚಿನ ಒತ್ತಡ ಉಳಿಯುವುದಾದರೆ ಮಾತ್ರ. ನಿಮ್ಮದಕ್ಕೆ ಹೈಡ್ರಾಲಿಕ್ ಲೆಕ್ಕವೇ ಆಗಬೇಕು.

ಲೆಕ್ಕವನ್ನು ತುದಿಯ ಸ್ಪ್ರಿಂಕ್ಲರ್‌ನಿಂದ ಪಂಪಿನ ಕಡೆಗೆ, ಹಿಮ್ಮುಖವಾಗಿ ಮಾಡಿ. ಒಂದು ಸ್ಪ್ರಿಂಕ್ಲರ್ 12 ಚದರ ಮೀಟರ್‌ಗೆ ನಿಮಿಷಕ್ಕೆ 5 ಮಿ.ಮೀ. ಕೊಡಬೇಕೆಂದರೆ ಅದರಿಂದ ನಿಮಿಷಕ್ಕೆ 60 ಲೀಟರ್ ಬರಬೇಕು. ಕೆ 80ರ (1 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 80 ಲೀಟರ್ ಸುರಿಸುವ) ಸ್ಪ್ರಿಂಕ್ಲರ್ ಆದರೆ, ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾದ್ದರಿಂದ, ಅದರ ಬಾಯಲ್ಲಿ ಸುಮಾರು 0.56 ಬಾರ್ ಒತ್ತಡ ಬೇಕಾಗುತ್ತದೆ. 360 ಚದರ ಮೀಟರ್‌ನಲ್ಲಿ ಅಂಥವು 30 ಸ್ಪ್ರಿಂಕ್ಲರ್‌ಗಳು, ಅಂದರೆ ನಿಮಿಷಕ್ಕೆ 1,800 ಲೀಟರ್. ತುದಿಯಲ್ಲಿ 0.56 ಬಾರ್ ಸಿಗಬೇಕಾದರೆ ರೈಸರ್‌ಗೆ ಹತ್ತಿರದ ಸ್ಪ್ರಿಂಕ್ಲರ್‌ಗಳಲ್ಲಿ ಒತ್ತಡ ಅದಕ್ಕಿಂತ ಹೆಚ್ಚಿದ್ದು ಅವು 60 ಲೀಟರ್‌ಗಿಂತ ಹೆಚ್ಚೇ ಸುರಿಯುತ್ತವೆ. ಆದ್ದರಿಂದ ಸದ್ಯಕ್ಕೆ ನಿಮಿಷಕ್ಕೆ 2,000 ಲೀಟರ್ ಎಂದು ಹಿಡಿಯೋಣ. ನಿಖರ ಅಂಕಿ ನಿಮ್ಮ ಕವಲು ಪೈಪುಗಳ ವಿನ್ಯಾಸದಿಂದ ಬರುತ್ತದೆ. ರೈಸರ್ ಹೊರಬೇಕಾದ ನೀರು ಇಷ್ಟೇ. ಕಟ್ಟಡ 9 ಮಹಡಿಯದ್ದಾಗಲಿ 15 ಮಹಡಿಯದ್ದಾಗಲಿ ಈ ಹರಿವು ಬದಲಾಗುವುದಿಲ್ಲ, ಬದಲಾಗುವುದು ಎತ್ತರದ ಒತ್ತಡ.

ಈಗ ಘರ್ಷಣೆಯ ನಷ್ಟಕ್ಕೆ ಬರೋಣ. ಹೇಜನ್–ವಿಲಿಯಮ್ಸ್ ಸೂತ್ರದಲ್ಲಿ ನಷ್ಟವು ಹರಿವಿನ 1.85ನೇ ಘಾತಕ್ಕೆ ಏರುತ್ತದೆ, ಪೈಪಿನ ಒಳವ್ಯಾಸದ 4.87ನೇ ಘಾತಕ್ಕೆ ಇಳಿಯುತ್ತದೆ. ಅಳತೆಯ ಆಯ್ಕೆ ಇಷ್ಟು ಸೂಕ್ಷ್ಮವಾಗಿರುವುದು ಈ ಎರಡನೆಯ ಘಾತದಿಂದ. ನೀರು ತುಂಬಿರುವ ಉಕ್ಕಿನ ಪೈಪಿಗೆ ಸಿ ಮೌಲ್ಯ (ಪೈಪಿನ ಒಳಗೋಡೆಯ ನುಣುಪನ್ನು ಸೂಚಿಸುವ ಅಂಕಿ) 120 ಎಂದು ಹಿಡಿದು, 45 ಮೀಟರ್ ರೈಸರ್‌ಗೆ ಬೆಂಡು, ವಾಲ್ವುಗಳ ಸಮಾನ ಉದ್ದವನ್ನೂ (ಅಷ್ಟೇ ನಷ್ಟ ಕೊಡುವ ನೇರ ಪೈಪಿನ ಉದ್ದವನ್ನು) ಸೇರಿಸಿ 60 ಮೀಟರ್ ಎಂದಿಟ್ಟುಕೊಂಡು ನಾನು ಮಾಡಿದ ಲೆಕ್ಕ ಹೀಗಿದೆ. 150 ಮಿ.ಮೀ. ಪೈಪಿನಲ್ಲಿ, ಒಳವ್ಯಾಸ ಸುಮಾರು 155 ಮಿ.ಮೀ., ನಷ್ಟ 0.14 ಬಾರ್ ಮಾತ್ರ. ನೀರಿನ ವೇಗ ಸೆಕೆಂಡಿಗೆ 1.8 ಮೀಟರ್. 125ರಲ್ಲಿ 0.34 ಬಾರ್, ವೇಗ 2.5. 100 ಮಿ.ಮೀ. ಪೈಪಿನಲ್ಲಿ, ಒಳವ್ಯಾಸ 105 ಎಂದು ಹಿಡಿದರೆ, 0.95 ಬಾರ್, ವೇಗ 3.9. ಇನ್ನೂ ಇಳಿದು 80 ಮಿ.ಮೀ. ಹಾಕಿದರೆ ನಷ್ಟ ಒಮ್ಮೆಲೇ 3.4 ಬಾರ್‌ಗೆ ಹಾರಿ ವೇಗ 6.5 ಮೀಟರ್ ದಾಟುತ್ತದೆ. ಯುರೋಪಿನ ಇಎನ್ 12845 ಮಾನದಂಡವು ವಾಲ್ವುಗಳ ಮೂಲಕ ಸೆಕೆಂಡಿಗೆ 6 ಮೀಟರ್‌ಗಿಂತ ಹೆಚ್ಚು ವೇಗವನ್ನು ಒಪ್ಪುವುದಿಲ್ಲ.

ಈ ಅಂಕಿಗಳನ್ನು ಎತ್ತರದ ಪಕ್ಕದಲ್ಲಿಟ್ಟು ನೋಡಿ. ಮೀಟರ್‌ಗೆ 0.098 ಬಾರ್‌ನಂತೆ 45 ಮೀಟರ್‌ಗೆ 4.4 ಬಾರ್ ಬೇಕೇ ಬೇಕು. ಪೈಪು ಎಷ್ಟೇ ದಪ್ಪವಿದ್ದರೂ ಅದು ಕಡಿಮೆಯಾಗುವುದಿಲ್ಲ. 200 ಮಿ.ಮೀ. ಹಾಕಿದರೆ ನೀವು ಉಳಿಸುವುದು 150ರ 0.14 ಬಾರ್‌ನಲ್ಲಿ ಒಂದು ಪಾಲನ್ನು ಮಾತ್ರ. ಅದಕ್ಕಾಗಿ ಶಾಫ್ಟಿನ ಜಾಗವನ್ನೂ ಉಕ್ಕಿನ ಹಣವನ್ನೂ ಕೊಡುವುದು ಸಮರ್ಥನೀಯವಲ್ಲ.

ಮೇಲೆ ಹೋದಂತೆ ಅಳತೆ ಇಳಿಸುವ ಬಗ್ಗೆ: ಕುಡಿಯುವ ನೀರಿನ ಪೈಪಿನಲ್ಲಿ ಪ್ರತಿ ಮಹಡಿಯೂ ತನ್ನ ಪಾಲನ್ನು ತೆಗೆದುಕೊಳ್ಳುವುದರಿಂದ ಹರಿವು ಮೇಲೆ ಹೋದಂತೆ ಕಡಿಮೆಯಾಗುತ್ತದೆ. ಸ್ಪ್ರಿಂಕ್ಲರ್ ರೈಸರ್‌ನಲ್ಲಿ ಬೆಂಕಿ ಕೊನೆಯ ಮಹಡಿಯಲ್ಲಿ ಹೊತ್ತಿಕೊಂಡರೆ ಅಷ್ಟೂ 2,000 ಲೀಟರ್ ಕೊನೆಯ ಮಹಡಿಗೇ ಏರಬೇಕು. ಆದ್ದರಿಂದ ಬುಡದಿಂದ ತುದಿಯವರೆಗೆ ಒಂದೇ ಅಳತೆಯನ್ನು ಇಡಿ.

ಕೊನೆಯದಾಗಿ ಒಂದು ಎಚ್ಚರಿಕೆ. ಒಂದೇ ಮಹಡಿಯ ಬೆಂಕಿ ಎಂಬ ಊಹೆ ನಿಲ್ಲುವುದು ಮಹಡಿಗಳ ನಡುವಿನ ರಂಧ್ರಗಳನ್ನು ಸರಿಯಾಗಿ ಮುಚ್ಚಿದ್ದಾಗ ಮಾತ್ರ. 2010ರ ಫೆಬ್ರವರಿ 23ರಂದು ನಮ್ಮದೇ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಪ್ರಾಣ ಕಳೆದುಕೊಂಡರು. ಅಲ್ಲಿ ವಿದ್ಯುತ್ ಕೇಬಲ್‌ಗಳ ಶಾಫ್ಟಿನಲ್ಲಿ ಎದ್ದ ಬೆಂಕಿಯ ಹೊಗೆ ಮೇಲಿನ ಮಹಡಿಗಳಿಗೆ ವ್ಯಾಪಿಸಿತ್ತು. ನಿಮ್ಮ ರೈಸರ್ ಪ್ರತಿ ಸ್ಲ್ಯಾಬ್ ದಾಟುವಲ್ಲಿ ಸ್ಲೀವ್‌ಗೂ (ಪೈಪು ಹಾಯಲು ಸ್ಲ್ಯಾಬಿನಲ್ಲಿ ಕೂರಿಸುವ ಹೊರಕೊಳವೆಗೂ) ಪೈಪಿಗೂ ನಡುವೆ ಬೆಂಕಿ ತಡೆಯುವ ಸೀಲಂಟ್ ತುಂಬಬೇಕೆಂದು ನಕ್ಷೆಯಲ್ಲೇ ಬರೆಯಿರಿ. ಗಾರೆ ಮೆತ್ತಿ ಬಿಟ್ಟರೆ ಪೈಪಿನ ಅಲುಗಾಟಕ್ಕೆ ಅದು ಬಿರುಕು ಬಿಡುತ್ತದೆ.

ಉತ್ತರ: ಪಂಪ್‌ರೂಮ್_ಪೀಣ್ಯ

ಜಯನಗರದವರ ಲೆಕ್ಕವನ್ನು ಪೂರ್ಣವಾಗಿ ಒಪ್ಪುತ್ತೇನೆ. ಪಂಪು ಅಳವಡಿಸಿ ಚಾಲೂ ಮಾಡಿಕೊಡುವ ಕೆಲಸದಲ್ಲಿರುವ ನನಗೆ ಇದರ ಇನ್ನೊಂದು ಮುಖ ಕಾಣುತ್ತದೆ. ರೈಸರ್‌ನ ಅಳತೆಯನ್ನು ಪಂಪಿನಿಂದ ಬೇರ್ಪಡಿಸಿ ತೀರ್ಮಾನಿಸಲು ಸಾಧ್ಯವಿಲ್ಲ. ತೀರ್ಮಾನಿಸಿದರೆ ಅದರ ಪೆಟ್ಟು ಬೀಳುವುದು ಕೆಳಗಿನ ಮಹಡಿಗಳ ಮೇಲೆ.

ಕೊನೆಯ ಮಹಡಿಯ ಪ್ರವೇಶದಲ್ಲಿ 2.2 ಬಾರ್ ಬೇಕು, ಅಲಾರಂ ವಾಲ್ವ್ ಮತ್ತು ಪಂಪ್ ರೂಮಿನ ಪೈಪುಗಳಲ್ಲಿ 0.5 ಬಾರ್ ಹೋಗುತ್ತದೆ ಎಂದಿಟ್ಟುಕೊಳ್ಳಿ. ಎತ್ತರದ 4.4 ಬಾರ್ ಸೇರಿಸಿದರೆ ರೈಸರ್‌ನ ನಷ್ಟವಿಲ್ಲದೆಯೇ 7.1 ಬಾರ್ ಆಯಿತು. 150 ಮಿ.ಮೀ. ಆದರೆ ಪಂಪು 7.25 ಬಾರ್ ಕೊಟ್ಟರೆ ಸಾಕು, 100 ಆದರೆ 8.1, 80 ಆದರೆ 10.5. ಆದರೆ ಬೆಂಕಿ ಸಣ್ಣದಿದ್ದು ಒಂದೆರಡು ಸ್ಪ್ರಿಂಕ್ಲರ್ ಮಾತ್ರ ತೆರೆದಾಗ, ಅಥವಾ ಪಂಪು ಸುಮ್ಮನೆ ತಿರುಗುವಾಗ, ಹರಿವು ಹೆಚ್ಚುಕಡಿಮೆ ಇರುವುದಿಲ್ಲವಾದ್ದರಿಂದ ಘರ್ಷಣೆಯ ನಷ್ಟವೂ ಹೆಚ್ಚುಕಡಿಮೆ ಇರುವುದಿಲ್ಲ. ಪಂಪಿನ ಒತ್ತಡ ಅದರ ಶಟ್‌ಆಫ್ ಬಿಂದುವಿನ (ಹರಿವು ಶೂನ್ಯವಿರುವಾಗಿನ ಒತ್ತಡದ) ಹತ್ತಿರಕ್ಕೆ ಏರಿ ನೇರವಾಗಿ ಪೈಪಿನ ಮೇಲೆ ಕೂರುತ್ತದೆ. ಅಗ್ನಿ ಪಂಪುಗಳ ಮಾನದಂಡವಾದ ಎನ್‌ಎಫ್‌ಪಿಎ 20ರ ಪ್ರಕಾರ ಅದು ನಿಗದಿತ ಒತ್ತಡದ ಶೇ 140ರವರೆಗೂ ಇರಬಹುದು. 8.1 ಬಾರ್ ಪಂಪಿಗೆ ಅದು 11.3 ಬಾರ್; ಸಾಮಾನ್ಯ ಸ್ಪ್ರಿಂಕ್ಲರ್ ಮತ್ತು ಬಿಡಿಭಾಗಗಳ ಮಿತಿಯಾದ 12 ಬಾರ್‌ನ ಒಳಗೇ ಉಳಿಯುತ್ತದೆ. 10.5 ಬಾರ್ ಪಂಪಿಗೆ ಅದೇ 14.7 ಆಗಿ ನೆಲಮಾಳಿಗೆಯ ಪ್ರತಿ ವಾಲ್ವು, ಪ್ರತಿ ಸ್ಪ್ರಿಂಕ್ಲರ್ ತನ್ನ ಮಿತಿ ಮೀರಿ ನಿಂತಿರುತ್ತದೆ. ಆಗ ಒತ್ತಡ ತಗ್ಗಿಸುವ ವಾಲ್ವುಗಳು ಬೇಕು, ಅವುಗಳ ಪರೀಕ್ಷೆಗೆ ಡ್ರೈನ್ ಬೇಕು, ನಿರ್ವಹಣೆಗೆ ಜನ ಬೇಕು. ಪೈಪಿನಲ್ಲಿ ಉಳಿಸಿದ ಹಣ ಹೀಗೆ ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗುತ್ತದೆ.

ಇನ್ನು ಬೆಂಗಳೂರಿನ ನೀರು. ಕಟ್ಟಡದ ಅಗ್ನಿ ಟ್ಯಾಂಕಿಗೆ ಬರುವುದು ಬಹುತೇಕ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು, ಗಡಸು ನೀರು. ರೈಸರ್‌ನ ತುದಿಯಲ್ಲಿ ಗಾಳಿ ಸಿಕ್ಕಿಕೊಂಡರೆ ನೀರು ಮತ್ತು ಗಾಳಿ ಸೇರುವ ಗೆರೆಯಲ್ಲಿ ತುಕ್ಕು ಬೇಗ ಹಿಡಿಯುತ್ತದೆ. ಪ್ರತಿ ಬಾರಿ ಪೈಪು ಬರಿದು ಮಾಡಿ ತುಂಬಿಸಿದಾಗಲೂ ಹೊಸ ಆಮ್ಲಜನಕ ಒಳಗೆ ಬರುತ್ತದೆ. ಕೆಲವು ವರ್ಷ ನಡೆದ ಒಂದು ಕಟ್ಟಡದಲ್ಲಿ ಫ್ಲೋ ಸ್ವಿಚ್ (ನೀರು ಹರಿದಾಗ ಸೂಚನೆ ಕೊಡುವ ಸಾಧನ) ಬದಲಿಸಲು ಪೈಪು ಬಿಚ್ಚಿದಾಗ ಒಳಗೋಡೆಯ ತುಂಬ ಉಬ್ಬುಬ್ಬಾಗಿ ಕಂದು ತುಕ್ಕಿನ ಗಂಟುಗಳು ಎದ್ದಿದ್ದವು. ಬೆರಳಿನಿಂದ ಒತ್ತಿದರೆ ಒಳಗೆ ಕಪ್ಪು ಕೆಸರು. ಅಲ್ಲಿ ರೈಸರ್‌ನ ತಲೆಗೆ ಏರ್ ರಿಲೀಸ್ ವಾಲ್ವನ್ನೇ ಹಾಕಿರಲಿಲ್ಲ. ಸಿ ಮೌಲ್ಯ 120ರಿಂದ 100ಕ್ಕೆ ಇಳಿದರೆ ನಷ್ಟ ಶೇ 40ರಷ್ಟು ಹೆಚ್ಚುತ್ತದೆ. 150 ಮಿ.ಮೀ. ಪೈಪಿನಲ್ಲಿ ಅದು 0.14ರಿಂದ 0.20 ಬಾರ್ ಆಗುವುದು ಗಮನಕ್ಕೂ ಬಾರದು. 100ರಲ್ಲಿ 0.95 ಇದ್ದದ್ದು 1.33 ಆಗುತ್ತದೆ, ಆ ಕೊರತೆಯನ್ನು ಪಂಪು ತುಂಬಿಕೊಡಬೇಕು.

ನಕ್ಷೆಯಲ್ಲಿ 100 ಎಂದು ಬರೆದರೆ ಪೈಪಿನ ದರ್ಜೆಯನ್ನೂ ಬರೆಯಿರಿ. ಬಿ ಕ್ಲಾಸ್ ಪೈಪಿನ ಒಳವ್ಯಾಸ 105 ಇದ್ದರೆ ದಪ್ಪ ಗೋಡೆಯ ಸಿ ಕ್ಲಾಸ್‌ನಲ್ಲಿ ಅದು ಸುಮಾರು 103. ಆ ಎರಡು ಮಿಲಿಮೀಟರ್‌ಗೇ ನಷ್ಟ ಶೇ 10ರಷ್ಟು ಏರುತ್ತದೆ. ಲೆಕ್ಕ ಒಂದು ದರ್ಜೆಗೆ, ಖರೀದಿ ಇನ್ನೊಂದಕ್ಕೆ ಆಗುವುದನ್ನು ಸೈಟಿನಲ್ಲಿ ಪದೇ ಪದೇ ನೋಡುತ್ತೇನೆ.

ಪ್ರಶ್ನೆ ಕೇಳಿದವರ ಮರುಮಾತು: ವೈಟ್‌ಫೀಲ್ಡ್_ಎಂಇಪಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದ. 200ರ ಯೋಚನೆಯನ್ನು ಕೈಬಿಟ್ಟಿದ್ದೇನೆ. ಮೂರು ವಿಷಯ ಉಳಿದಿವೆ. ಶಾಫ್ಟ್ ಕಿರಿದಾದ್ದರಿಂದ ಹೈಡ್ರೆಂಟ್ ಮತ್ತು ಸ್ಪ್ರಿಂಕ್ಲರ್ ಎರಡಕ್ಕೂ ಒಂದೇ ರೈಸರ್ ಏರಿಸೋಣ ಎಂದು ವಾಸ್ತುಶಿಲ್ಪಿಗಳು ಸೂಚಿಸುತ್ತಿದ್ದಾರೆ. ಆಗ ಅಳತೆ ಹೇಗೆ? ನೆಲಮಾಳಿಗೆಯಲ್ಲಿ ಕಾರು ನಿಲುಗಡೆ ಇರುವುದರಿಂದ ಅಲ್ಲಿನ ಹೆಚ್ಚಿನ ಅಪಾಯದ ವರ್ಗವೇ ರೈಸರ್‌ನ ಅಳತೆಯನ್ನು ನಿರ್ಧರಿಸುತ್ತದೆಯೇ? ಮತ್ತು ಕಚೇರಿ ಎಂದರೆ ಲಘು ಅಪಾಯದ ವರ್ಗವಲ್ಲವೇ, ನಾವು ಬೇಕೆಂದೇ ಹೆಚ್ಚಿಗೆ ತೆಗೆದುಕೊಂಡಿದ್ದೇವೆಯೇ ಎಂದು ಕಟ್ಟಡದ ಮಾಲೀಕರು ಕೇಳುತ್ತಿದ್ದಾರೆ.

ಉತ್ತರ: ನಕ್ಷೆ_ಮಲ್ಲೇಶ್ವರ

ಒಂದೇ ರೈಸರ್ ಎಂಬ ಮಾತಿಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಇಂಥದೇ ಒಂದು ಶಾಫ್ಟಿನಲ್ಲಿ ಈ ಲೆಕ್ಕವನ್ನು ನಾನು ಮಾಡಿದ್ದೇನೆ. ಒಂದೇ ರೈಸರ್ ಆದರೆ ಸ್ಪ್ರಿಂಕ್ಲರ್ ಸುರಿಯುತ್ತಿರುವಾಗಲೇ ಅಗ್ನಿಶಾಮಕ ಸಿಬ್ಬಂದಿ ಅದೇ ಪೈಪಿನಿಂದ ಹೋಸ್‌ಗೆ ನೀರು ತೆಗೆಯುತ್ತಾರೆ ಎಂದು ಭಾವಿಸಬೇಕು. ಹೈಡ್ರೆಂಟ್ ಪಂಪಿಗೆ ನಮ್ಮಲ್ಲಿ ರೂಢಿಯಲ್ಲಿರುವ ನಿಮಿಷಕ್ಕೆ 2,280 ಲೀಟರ್ ಅನ್ನು 2,000ಕ್ಕೆ ಸೇರಿಸಿದರೆ 4,280 ಲೀಟರ್. 100 ಮಿ.ಮೀ. ಪೈಪಿನಲ್ಲಿ ಅದೇ 60 ಮೀಟರ್‌ಗೆ 3.9 ಬಾರ್ ನಷ್ಟವಾಗಿ ವೇಗ ಸೆಕೆಂಡಿಗೆ 8 ಮೀಟರ್ ದಾಟುತ್ತದೆ, ಆದ್ದರಿಂದ ಆ ಅಳತೆ ಚರ್ಚೆಗೇ ಬರುವುದಿಲ್ಲ. 150ರಲ್ಲಿ ನಷ್ಟ 0.6 ಬಾರ್, ವೇಗ 3.8. ಅಂದರೆ ಒಂದೇ ರೈಸರ್ ಏರಿಸುವುದಾದರೆ 150 ಮಿ.ಮೀ.ಗಿಂತ ಕಡಿಮೆ ಇಡಬೇಡಿ.

ಆದರೂ ಎರಡು ಬೇರೆ ರೈಸರ್‌ಗಳ ಪರವಾಗಿಯೇ ನಾನು ವಾದಿಸುತ್ತೇನೆ. ಬೆಂಗಳೂರಿನಲ್ಲಿ ನಾನು ನೋಡಿರುವ ಕಚೇರಿ ಕಟ್ಟಡಗಳಲ್ಲಿ ಪಂಪ್ ರೂಮಿನ ಹೆಡರ್‌ನಿಂದಲೇ (ಪಂಪುಗಳ ನೀರು ಸೇರುವ ಮುಖ್ಯ ಪೈಪಿನಿಂದಲೇ) ಎರಡೂ ಕವಲೊಡೆದು ಬೇರೆಬೇರೆಯಾಗಿ ಏರುತ್ತವೆ. ಒಂದರ ದುರಸ್ತಿಗೆಂದು ವಾಲ್ವ್ ಮುಚ್ಚಿದರೆ ಇನ್ನೊಂದು ಕೆಲಸ ಮಾಡುತ್ತಿರುತ್ತದೆ. ಬಾಡಿಗೆದಾರರು ಬದಲಾದಾಗಲೆಲ್ಲ ಒಳಾಂಗಣ ಒಡೆದು ಸ್ಪ್ರಿಂಕ್ಲರ್ ಪೈಪು ಜರುಗಿಸುವ ನಮ್ಮ ಊರಿನಲ್ಲಿ ಇದು ಸಣ್ಣ ಅನುಕೂಲವಲ್ಲ. 150ರ ಹೈಡ್ರೆಂಟ್ ರೈಸರ್ ಪಕ್ಕದಲ್ಲಿ 100 ಅಥವಾ 125ರ ಸ್ಪ್ರಿಂಕ್ಲರ್ ರೈಸರ್ ಏರಿಸಲು ಶಾಫ್ಟಿನಲ್ಲಿ ಬೇಕಾಗುವ ಹೆಚ್ಚುವರಿ ಅಗಲವನ್ನು ಈಗಲೇ ಕೇಳಿ ಪಡೆಯಿರಿ. ಪೈಪಿನ ಹೊರವ್ಯಾಸವನ್ನಷ್ಟೇ ಅಳೆಯಬೇಡಿ. ಪ್ರತಿ ಮಹಡಿಯಲ್ಲಿ ಬಟರ್‌ಫ್ಲೈ ವಾಲ್ವ್, ಫ್ಲೋ ಸ್ವಿಚ್, ಗೇಜ್, ಪರೀಕ್ಷಾ ಡ್ರೈನ್ ಇಷ್ಟೂ ಕೂರಬೇಕು. ವಾಲ್ವಿನ ಚಕ್ರ ತಿರುಗಿಸಲು ಕೈ ಆಡಬೇಕು, ಸ್ಪ್ಯಾನರ್ ತಿರುಗಬೇಕು. ಕಾಗದದ ಮೇಲೆ ಹಿಡಿಸಿದ ಶಾಫ್ಟಿನಲ್ಲಿ ಸ್ಪ್ಯಾನರ್ ಹಿಡಿಸದೆ ಗೋಡೆ ಒಡೆದದ್ದನ್ನು ನೋಡಿದ್ದೇನೆ.

ಉತ್ತರ: ಅಗ್ನಿಸುರಕ್ಷೆ_ಜಯನಗರ

ಉಳಿದ ಎರಡಕ್ಕೆ ನಾನು ಹೇಳುತ್ತೇನೆ.

ನೆಲಮಾಳಿಗೆ: ಎನ್‌ಎಫ್‌ಪಿಎ 13ರ 2022ರ ಆವೃತ್ತಿಯು ಕಾರು ನಿಲುಗಡೆಯನ್ನು ಸಾಮಾನ್ಯ ಅಪಾಯದ ಮೊದಲ ಗುಂಪಿನಿಂದ ಎರಡನೆಯದಕ್ಕೆ ಏರಿಸಿದೆ. ಇಂದಿನ ಕಾರುಗಳಲ್ಲಿ ಪ್ಲಾಸ್ಟಿಕ್ಕಿನ ಪ್ರಮಾಣ ಹೆಚ್ಚಿರುವುದನ್ನು ನೋಡಿದರೆ ಅದು ಸಮಂಜಸವೇ. ಆ ಗುಂಪಿಗೆ ನಿಮಿಷಕ್ಕೆ 8.1 ಮಿ.ಮೀ. ನೀರನ್ನು 139 ಚದರ ಮೀಟರ್‌ಗೆ ಕೊಟ್ಟರೆ ಸುಮಾರು 1,130 ಲೀಟರ್ ಆಗುತ್ತದೆ. ಅದು ನಿಮ್ಮ 2,000ಕ್ಕಿಂತ ಕಡಿಮೆ, ಜೊತೆಗೆ ಅಲ್ಲಿ ಎತ್ತರದ ಒತ್ತಡ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗಾಗಿ ರೈಸರ್‌ನ ಅಳತೆಗೆ ಕೊನೆಯ ಮಹಡಿಯೇ ನಿರ್ಣಾಯಕ. ನೆಲಮಾಳಿಗೆಯ ಕವಲು ಪೈಪುಗಳಿಗೆ ಮಾತ್ರ ಪ್ರತ್ಯೇಕ ಲೆಕ್ಕ ಮಾಡಿ, ಏಕೆಂದರೆ ಅಲ್ಲಿ ಚದರ ಮೀಟರ್‌ಗೆ ಬೀಳಬೇಕಾದ ನೀರು ಹೆಚ್ಚು. ಒಂದು ಮಾನದಂಡದ ಸಾಂದ್ರತೆಯನ್ನು (ನಿಮಿಷಕ್ಕೆ ಬೀಳುವ ಮಿ.ಮೀ. ನೀರನ್ನು) ಇನ್ನೊಂದರ ವಿಸ್ತೀರ್ಣಕ್ಕೆ ಗುಣಿಸುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಎರಡೂ ಜೋಡಿಯಾಗಿಯೇ ಬರುತ್ತವೆ. ಯಾವ ಮಾನದಂಡ ಹಿಡಿದಿದ್ದೀರಿ ಎಂಬುದನ್ನು ಲೆಕ್ಕದ ಮೊದಲ ಪುಟದಲ್ಲೇ ಬರೆಯಿರಿ.

ಮಾಲೀಕರ ಪ್ರಶ್ನೆ ನ್ಯಾಯವಾದದ್ದು. ಎನ್‌ಎಫ್‌ಪಿಎ 13ರಲ್ಲಿ ಕಚೇರಿ ಲಘು ಅಪಾಯದ ವರ್ಗವೇ, ನಿಮಿಷಕ್ಕೆ 4.1 ಮಿ.ಮೀ., 139 ಚದರ ಮೀಟರ್ ಎಂದರೆ 570 ಲೀಟರ್ ಮಾತ್ರ. ಆದರೆ ಬಾಡಿಗೆಗೆ ಕೊಡುವ ಮಹಡಿಯಲ್ಲಿ ಇಂದು ಕಚೇರಿ, ನಾಳೆ ಕ್ಯಾಂಟೀನ್, ಮರುವರ್ಷ ಕಡತಗಳ ದಾಸ್ತಾನು. ಒಳಗಿನ ಕವಲು ಪೈಪುಗಳನ್ನು ಬಾಡಿಗೆದಾರರು ಬದಲಿಸಬಲ್ಲರು, ಶಾಫ್ಟಿನ ರೈಸರ್ ಅನ್ನು ಯಾರೂ ಬದಲಿಸಲಾರರು. ನಿಮ್ಮ ಹಿರಿಯರು ಹೆಚ್ಚಿನ ಅಪಾಯದ ವರ್ಗವನ್ನು ಆಯ್ದುಕೊಂಡದ್ದು ಇದೇ ಕಾರಣಕ್ಕಿರಬೇಕು. ಈ ಒಂದು ವಿಷಯದಲ್ಲಿ ಜಿಪುಣತನ ಬೇಡವೆಂದು ಮಾಲೀಕರಿಗೆ ಬಿಡಿಸಿ ಹೇಳಿ.

ಪ್ರತ್ಯೇಕ ರೈಸರ್ ಆಗುವುದಾದರೆ ನನ್ನ ಆಯ್ಕೆ 125 ಮಿ.ಮೀ. ಲೆಕ್ಕಕ್ಕೆ 100 ಸಾಕು ಎಂಬುದು ನಿಜವಾದರೂ, ತುಕ್ಕಿಗೂ ನಾಳಿನ ಬದಲಾವಣೆಗೂ 125 ಜಾಗ ಬಿಡುತ್ತದೆ. ಅದರ ವಾಲ್ವು, ಫಿಟ್ಟಿಂಗು ಸಿಗುವುದು ತಡವಾಗುತ್ತದೆ ಎಂದು ಗುತ್ತಿಗೆದಾರರು ಹೇಳಿದರೆ ನೇರವಾಗಿ 150ಕ್ಕೆ ಹೋಗಿ, 100ಕ್ಕೆ ಇಳಿಯಬೇಡಿ. ಈ ಮೂರರಲ್ಲಿ ಯಾವುದನ್ನೇ ಹಾಕಿದರೂ ಮುಖ್ಯ ಡ್ರೈನ್ 50 ಮಿ.ಮೀ. ಇರಬೇಕು, ಅದು ಸಂಪಿಗೋ ಹೊರಗಿನ ಚರಂಡಿಗೋ ಅಷ್ಟೂ ನೀರನ್ನು ಹೊರುವಂತಿರಬೇಕು.

ಅಳವಡಿಕೆ ಮುಗಿದ ಮೇಲೆ 13.8 ಬಾರ್‌ನಲ್ಲಿ ಎರಡು ಗಂಟೆಗಳ ಒತ್ತಡ ಪರೀಕ್ಷೆ ಮಾಡಿಸುವಾಗ ಗೇಜ್ ಅನ್ನು ರೈಸರ್‌ನ ಬುಡದಲ್ಲಿಡಿ. ಮೇಲಿನ ಗೇಜ್ ನೋಡಿ 13.8ಕ್ಕೆ ಏರಿಸಿದರೆ ಬುಡದಲ್ಲಿ 18 ಬಾರ್ ಬಿದ್ದಿರುತ್ತದೆ. ಆಮೇಲೆ ಮುಖ್ಯ ಡ್ರೈನ್ ಪೂರ್ತಿ ತೆರೆದು, ತೆರೆಯುವ ಮೊದಲಿನ ಒತ್ತಡವನ್ನೂ ನೀರು ಹರಿಯುವಾಗಿನ ಒತ್ತಡವನ್ನೂ ಪಂಪ್ ರೂಮಿನ ರಿಜಿಸ್ಟರ್‌ನಲ್ಲಿ ದಿನಾಂಕದೊಂದಿಗೆ ಬರೆಸಿ. ಮುಂದಿನ ವರ್ಷಗಳಲ್ಲಿ ಎರಡನೆಯ ಅಂಕಿ ಕುಸಿಯುತ್ತಾ ಬಂದರೆ ಎಲ್ಲೋ ವಾಲ್ವು ಅರ್ಧ ಮುಚ್ಚಿದೆ, ಇಲ್ಲವೇ ಪೈಪು ಒಳಗೆ ಕಟ್ಟಿಕೊಳ್ಳುತ್ತಿದೆ ಎಂದು ತಿಳಿಯಬಹುದು.